ಪಕ್ಕದಲ್ಲಿ ಯಾರು ಕೂರುತ್ತಾರೆ? ಶಾಲೆಯ ನಿಯಮಗಳು ಮನಸ್ಸು ತಿದ್ದುವ ಬಗೆ

ದೆಹಲಿಯ ಕೆಲವು ದುಬಾರಿ ಖಾಸಗಿ ಶಾಲೆಗಳಲ್ಲಿ ಮಕ್ಕಳನ್ನು ಓದಿನ ಗುಂಪುಗಳಾಗಿ ಹಂಚುವುದು ಹೆಸರಿನ ಅಕ್ಷರಾನುಕ್ರಮದಲ್ಲಿ. ಹಾಜರಿ ಪುಸ್ತಕದಲ್ಲಿ ಮೇಲಿಂದ ಕೆಳಗೆ ಎಣಿಸುತ್ತಾ ಹೋದರೆ ಕೆಲವು ಮಕ್ಕಳಿಗೊಂದು ಗುಂಪು. ‘ಅ’ದಿಂದ ಹೆಸರು ಶುರುವಾಗುವ ಉದ್ಯಮಿಯ ಮಗನ ಪಕ್ಕಕ್ಕೆ ‘ಅ’ದಿಂದಲೇ ಶುರುವಾಗುವ ಹೆಸರಿನ ಕಾವಲುಗಾರನ ಮಗ ಬಂದು ಕೂರುತ್ತಾನೆ. ‘ವ’ ಅಕ್ಷರದ ಇನ್ನೊಬ್ಬ ಶ್ರೀಮಂತ ಹುಡುಗ ಅದೇ ಕೋಣೆಯಲ್ಲಿದ್ದರೂ ಅವನ ಗುಂಪಿನಲ್ಲಿ ಬಡ ಮಗು ಇರದೇ ಹೋಗಬಹುದು. ಯಾರೂ ಉದ್ದೇಶವಿಟ್ಟು ಮಾಡಿದ್ದಲ್ಲ. ಹೀಗಾಗಿಯೇ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅವರಿಗೆ ಒಂದು ಹಳೆಯ ಪ್ರಶ್ನೆಗೆ ಉತ್ತರ ಹುಡುಕಲು ದಾರಿ ಸಿಕ್ಕಿತು: ಬಡ ಮಕ್ಕಳ ಜೊತೆ ಕೂತು ಓದಿದರೆ ಉಳ್ಳವರ ಮಕ್ಕಳ ಮನಸ್ಸು ನಿಜವಾಗಿ ಬದಲಾಗುತ್ತದೆಯೇ?

ಹಿನ್ನೆಲೆ ಇಷ್ಟು. ದೆಹಲಿಯ ಅನೇಕ ಖಾಸಗಿ ಶಾಲೆಗಳು ಸರ್ಕಾರದ ಜಮೀನನ್ನು ಅಗ್ಗದ ದರದಲ್ಲಿ ಪಡೆದಿದ್ದವು. ಒಂದಷ್ಟು ಬಡ ಮಕ್ಕಳಿಗೆ ಉಚಿತವಾಗಿ ಕಲಿಸಬೇಕೆಂಬ ಷರತ್ತು ಆಗಲೇ ಇತ್ತು, ಪಾಲಿಸುವವರು ಇರಲಿಲ್ಲ. ಹೈಕೋರ್ಟ್ ಬಿಗಿ ಮಾಡಿದ ಮೇಲೆ 2007ರಿಂದ ಈ ಶಾಲೆಗಳು ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕಾಯಿತು. ಆದರೆ ಆ ಮಕ್ಕಳು ಸೇರಿದ್ದು ಪ್ರವೇಶ ತರಗತಿಗೆ ಮಾತ್ರ. ಹಾಗಾಗಿ ಅದೇ ಶಾಲೆಯಲ್ಲಿ, ಅದೇ ಶಿಕ್ಷಕರ ಕೈಯಲ್ಲಿ, ಒಂದು ವರ್ಷ ಮುಂದಿದ್ದ ತಂಡಕ್ಕೆ ಬಡ ಸಹಪಾಠಿಗಳಿಲ್ಲ. ಒಂದು ವರ್ಷ ಕಿರಿಯ ತಂಡಕ್ಕೆ ಇದ್ದಾರೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ.

ಮಕ್ಕಳನ್ನು ‘ನಿನಗೆ ಬಡವರ ಬಗ್ಗೆ ಏನನ್ನಿಸುತ್ತದೆ’ ಎಂದು ಕೇಳಿದರೆ ಮೇಷ್ಟ್ರು ಮೆಚ್ಚುವ ಉತ್ತರವನ್ನೇ ಕೊಡುತ್ತಾರೆ. ಅದಕ್ಕೇ ರಾವ್ ರಿಲೇ ಓಟ ಏರ್ಪಡಿಸಿದರು. ಮೊದಲು ಇಬ್ಬಿಬ್ಬರನ್ನು ಓಡಿಸಿ ತೋರಿಸುವುದು, ಆಮೇಲೆ ನಿನ್ನ ತಂಡಕ್ಕೆ ಇವರಲ್ಲಿ ಯಾರು ಬೇಕು ಎಂದು ಕೇಳುವುದು. ಚುರುಕಾಗಿ ಓಡಿದವನು ಬಡ ಹುಡುಗ, ಹಿಂದೆ ಬಿದ್ದವನು ತನ್ನಂತೆಯೇ ಇರುವ ಶ್ರೀಮಂತ ಹುಡುಗ ಎಂದಾಗ ಆಯ್ಕೆ ಯಾರದ್ದು? ಬಹುಮಾನ 50, 200 ಅಥವಾ 500 ರೂಪಾಯಿ. ಆರಿಸಿದವನ ಜೊತೆ ಸ್ವಲ್ಪ ಹೊತ್ತು ಕಳೆಯಲೂ ಬೇಕು. 50 ರೂಪಾಯಿ ಬಹುಮಾನವಿದ್ದಾಗ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳು ಸೋಲುವ ಸಾಧ್ಯತೆ ಒಪ್ಪಿಕೊಂಡೂ ನಿಧಾನವಾಗಿ ಓಡುವ ಶ್ರೀಮಂತನನ್ನೇ ಆರಿಸಿದರು. 500 ರೂಪಾಯಿ ಆದಾಗ ಇದು ಶೇ 6ರ ಆಸುಪಾಸಿಗೆ ಇಳಿಯಿತು. ತಾರತಮ್ಯಕ್ಕೂ ಒಂದು ಬೆಲೆಯಿದೆ, ಆ ಬೆಲೆ ಬಹಳ ದೊಡ್ಡದಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಬಡ ಸಹಪಾಠಿಗಳ ಜೊತೆ ಓದಿದ್ದ ಮಕ್ಕಳಲ್ಲಿ ಈ ತಾರತಮ್ಯ ಸರಾಸರಿ 12 ಶೇಕಡಾ ಅಂಶದಷ್ಟು ಕಡಿಮೆಯಿತ್ತು. ಹಂಚಿಕೊಳ್ಳುವ ಆಟಗಳಲ್ಲಿ ಅವರು ಹೆಚ್ಚು ಉದಾರಿಗಳಾಗಿದ್ದರು, ಬಡ ಮಕ್ಕಳೊಂದಿಗೆ ಆಡಲು ಹಿಂಜರಿಯುತ್ತಿರಲಿಲ್ಲ. ಬರೀ ಒಂದೇ ಕೋಣೆಯಲ್ಲಿ ಇರುವುದಕ್ಕಿಂತ ಒಂದೇ ಓದಿನ ಗುಂಪಿನಲ್ಲಿ ಇರುವುದರಿಂದ ಹೆಚ್ಚಿನ ಪರಿಣಾಮ ಬಂದಿತ್ತು. ಅಕ್ಷರಾನುಕ್ರಮ ಅಷ್ಟು ದೊಡ್ಡ ಕೆಲಸ ಮಾಡಿತ್ತು.

ಪೋಷಕರ ಭಯಕ್ಕೂ ಅಧ್ಯಯನದಲ್ಲಿ ಉತ್ತರವಿದೆ, ಅದನ್ನು ಮುಚ್ಚಿಡಬಾರದು. ಶ್ರೀಮಂತ ಮಕ್ಕಳ ಇಂಗ್ಲಿಷ್ ಅಂಕ ಸ್ವಲ್ಪ ಇಳಿದಿತ್ತು. ಹಿಂದಿ ಮತ್ತು ಗಣಿತದಲ್ಲಿ ವ್ಯತ್ಯಾಸವಿರಲಿಲ್ಲ. ಕೆಟ್ಟ ಮಾತಾಡಿದರೆಂಬ ದೂರು ಒಂದಿಷ್ಟು ಹೆಚ್ಚಾಗಿತ್ತು.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಶಿಕ್ಷಣ ಮತ್ತು ರಾಜಕೀಯದ ಮಾತು ಬಂದ ಕೂಡಲೇ ನಮ್ಮಲ್ಲಿ ಎಲ್ಲರ ಕಣ್ಣು ಪಠ್ಯಪುಸ್ತಕದ ಮೇಲೆ ಹೋಗುತ್ತದೆ. 2022ರಲ್ಲಿ ಕರ್ನಾಟಕದಲ್ಲಿ ಪಠ್ಯ ಪರಿಷ್ಕರಣೆ ಗದ್ದಲ ಎದ್ದಿತು, ಸರ್ಕಾರ ಬದಲಾಗಿ 2023ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಯಾವ ಪಾಠ ಸೇರಿತು, ಯಾವ ಪಾಠ ಹೋಯಿತು ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಪಠ್ಯಕ್ಕೆ ಶಕ್ತಿಯಿಲ್ಲ ಎನ್ನಲಾಗದು. ಚೀನಾದಲ್ಲಿ 2004ರಿಂದ 2010ರವರೆಗೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹಂತಹಂತವಾಗಿ ಪ್ರೌಢಶಾಲೆಯ ಹೊಸ ಪಠ್ಯಕ್ರಮ ಬಂತು. ಹಳೆಯದನ್ನು ಓದಿದವರನ್ನೂ ಹೊಸದನ್ನು ಓದಿದವರನ್ನೂ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಹೋಲಿಸಿ ನೋಡಿದಾಗ, ಹೊಸ ಪಠ್ಯ ಓದಿದವರು ಸರ್ಕಾರದ ಆಡಳಿತವನ್ನು ಹೆಚ್ಚು ಮೆಚ್ಚುತ್ತಿದ್ದರು, ಮುಕ್ತ ಮಾರುಕಟ್ಟೆಯನ್ನು ಹೆಚ್ಚು ಅನುಮಾನಿಸುತ್ತಿದ್ದರು. ಅಂದರೆ ಸರ್ಕಾರ ಬಯಸಿದ ಅಭಿಪ್ರಾಯ ಮೂಡಿತು. ನಡವಳಿಕೆಯ ವಿಷಯದಲ್ಲಿ ಮಾತ್ರ ಫಲಿತಾಂಶ ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ದೂರದ ಸಂಗತಿಗಳ ಬಗ್ಗೆ, ಅಂದರೆ ಸರ್ಕಾರ, ಮಾರುಕಟ್ಟೆ, ದೇಶಗಳ ಬಗ್ಗೆ, ಪುಸ್ತಕ ಅಭಿಪ್ರಾಯ ಕಟ್ಟಬಲ್ಲದು. ಪಕ್ಕದ ಕೇರಿಯ ಮನುಷ್ಯನ ಬಗ್ಗೆ ಮಗು ಕಲಿಯುವುದು ಬಹುಮಟ್ಟಿಗೆ ಬೆಂಚಿನಲ್ಲಿ, ಊಟದ ಸಾಲಿನಲ್ಲಿ, ಆಟದ ಬಯಲಲ್ಲಿ. ಈ ಜಾಗಗಳನ್ನು ಯಾರು ಹೇಗೆ ಹಂಚುತ್ತಾರೆ ಎಂಬುದನ್ನು ತೀರ್ಮಾನಿಸುವುದು ಸರ್ಕಾರದ ನಿಯಮ. ಆ ನಿಯಮಗಳ ಬಗ್ಗೆ ನಮ್ಮಲ್ಲಿ ಪಠ್ಯದ ಬಗ್ಗೆ ನಡೆದಷ್ಟು ಜಗಳ ಆಗುವುದಿಲ್ಲ. ಆಗಬೇಕಿತ್ತು.

ಬೆರೆತರೆ ಸಾಕೇ?

ಸಾಲದು. 1954ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ನಾಲ್ಕು ಷರತ್ತು ಹೇಳಿದ್ದರು. ಬೆರೆಯುವಾಗ ಎರಡೂ ಕಡೆಯವರಿಗೆ ಸಮಾನ ಸ್ಥಾನವಿರಬೇಕು, ಇಬ್ಬರಿಗೂ ಒಂದೇ ಗುರಿಯಿರಬೇಕು, ಆ ಗುರಿ ತಲುಪಲು ಒಬ್ಬರಿಗೊಬ್ಬರು ನೆರವಾಗಬೇಕು, ಮೇಲಿನವರು, ಅಂದರೆ ಮೇಷ್ಟ್ರು, ಅಧಿಕಾರಿ, ಕಾನೂನು, ಇದಕ್ಕೆ ಬೆಂಬಲವಾಗಿ ನಿಲ್ಲಬೇಕು. ಜಮೀನ್ದಾರನ ಮನೆಯಲ್ಲಿ ತಲೆಮಾರುಗಳಿಂದ ದುಡಿದ ಆಳಿಗೂ ಒಡೆಯನಿಗೂ ದಿನವೂ ಒಡನಾಟವಿತ್ತು. ಅದರಿಂದ ಅಸ್ಪೃಶ್ಯತೆ ಹೋಗಲಿಲ್ಲ. ಅಲ್ಲಿ ನಾಲ್ಕರಲ್ಲಿ ಒಂದು ಷರತ್ತೂ ಇರಲಿಲ್ಲ.

ಉತ್ತರ ಪ್ರದೇಶದ ವಾರಾಣಸಿ ಜಿಲ್ಲೆಯಲ್ಲಿ ಮ್ಯಾಟ್ ಲೋ ಎಂಬ ಸಂಶೋಧಕರು ಇದನ್ನು ಕ್ರಿಕೆಟ್‌ನಲ್ಲಿ ಪರೀಕ್ಷಿಸಿದರು. ಬೇರೆ ಬೇರೆ ಜಾತಿಯ 1,261 ಯುವಕರು. ಕೆಲವರಿಗೆ ಒಂದು ತಿಂಗಳ ಲೀಗ್, ಕೆಲವರಿಗೆ ಏನೂ ಇಲ್ಲ. ಆಡುವವರಲ್ಲಿ ಯಾರ ತಂಡದಲ್ಲಿ ಯಾವ ಜಾತಿಯವರು, ಎದುರಾಳಿಗಳು ಯಾವ ಜಾತಿಯವರು ಎಂಬುದೆಲ್ಲ ಚೀಟಿ ಎತ್ತಿದಂತೆ ನಿರ್ಧಾರವಾಯಿತು. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಿಗೆ ಬೇರೆ ಜಾತಿಯ ಗೆಳೆಯರು ಹೆಚ್ಚಾದರು, ಸ್ವಜಾತಿ ಪಕ್ಷಪಾತ ಇಳಿಯಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಮಾತ್ರ ಕಂಡವರಲ್ಲಿ ಪರಿಣಾಮ ಹೆಚ್ಚುಕಡಿಮೆ ಉಲ್ಟಾ. ತರಗತಿಗೆ ಇದನ್ನು ಅನ್ವಯಿಸಿದರೆ, ಒಂದೇ ಗುಂಪಿನಲ್ಲಿ ಪ್ರಾಜೆಕ್ಟ್ ಮಾಡಿಸುವುದು ಒಂದು ಪಾಠ, ಬೋರ್ಡಿನ ಮೇಲೆ ರ‍್ಯಾಂಕ್ ಪಟ್ಟಿ ಹಾಕಿ ಸ್ಪರ್ಧೆಗೆ ಬಿಡುವುದು ಇನ್ನೊಂದು ಪಾಠ. ಪಟ್ಟಿಯ ಕೆಳಗೆ ಸದಾ ಒಂದೇ ಬಗೆಯ ಮಕ್ಕಳ ಹೆಸರಿದ್ದರೆ ಬೆರೆಸಿದ್ದರಿಂದಲೇ ಹಾನಿಯಾಗಬಹುದು.

ಕಾಯ್ದೆ ಏನು ಹೇಳುತ್ತದೆ

ದೆಹಲಿಯ ಜಮೀನಿನ ಷರತ್ತು ದೇಶದ ಕಾನೂನಾಗಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ (ಆರ್‌ಟಿಇ). ಅದು 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ವಿಚಾರ ಮಾತ್ರ ಹಳೆಯದು: 1964–66ರ ಕೊಠಾರಿ ಆಯೋಗವೇ ಉಳ್ಳವರಿಗೊಂದು ಇಲ್ಲದವರಿಗೊಂದು ಶಾಲೆ ಎಂಬ ವ್ಯವಸ್ಥೆ ಸಮಾಜವನ್ನು ಒಡೆಯುತ್ತಿದೆ ಎಂದು ಎಚ್ಚರಿಸಿ, ಒಂದು ಬಡಾವಣೆಯ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗುವ ನೆರೆಹೊರೆ ಶಾಲೆಗಳನ್ನು ಸೂಚಿಸಿತ್ತು. ಅದು ಕಾಗದದಲ್ಲೇ ಉಳಿಯಿತು. ಕಾಯ್ದೆಯ 12(1)(ಸಿ) ಕಲಂ ಆ ಕನಸಿನ ಕಾಲು ಭಾಗ. ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಕನಿಷ್ಠ ಶೇ 25ರಷ್ಟು ಸೀಟನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು, 8ನೇ ತರಗತಿಯವರೆಗೆ ಉಚಿತವಾಗಿ ಕಲಿಸಬೇಕು. ಸರ್ಕಾರಿ ಶಾಲೆಯಲ್ಲಿ ಒಂದು ಮಗುವಿಗೆ ಆಗುವ ಖರ್ಚು ಅಥವಾ ಆ ಖಾಸಗಿ ಶಾಲೆಯ ಶುಲ್ಕ, ಯಾವುದು ಕಡಿಮೆಯೋ ಅಷ್ಟನ್ನು ಸರ್ಕಾರ ಶಾಲೆಗೆ ತುಂಬಿಕೊಡುತ್ತದೆ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ಕೊಟ್ಟಿತು, 2014ರಲ್ಲಿ ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನೂ ಕಾಯ್ದೆಯಿಂದ ಹೊರಗಿಟ್ಟಿತು.

ಕರ್ನಾಟಕದಲ್ಲಿ 25ರ ಪಾಲನ್ನು ಪರಿಶಿಷ್ಟ ಜಾತಿಗೆ ಶೇ 7.5, ಪರಿಶಿಷ್ಟ ಪಂಗಡಕ್ಕೆ ಶೇ 1.5, ಉಳಿದವರಿಗೆ ಶೇ 16 ಎಂದು ಹಂಚಲಾಯಿತು. ಆದಾಯ ಮಿತಿ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ. ನಗರದಲ್ಲಿ ವಾರ್ಡು, ಹಳ್ಳಿಯಲ್ಲಿ ಗ್ರಾಮದ ಗಡಿ ನೆರೆಹೊರೆಯಾಯಿತು. ಅರ್ಜಿ ಆನ್‌ಲೈನ್‌ನಲ್ಲಿ, ನಾಡಕಚೇರಿಯಿಂದ ಬಂದ ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಗುರುತು ಸಂಖ್ಯೆ, ಅಂದರೆ ಆರ್‌ಡಿ ನಂಬರ್ ಹಾಕಬೇಕು, ವಿಳಾಸ ಆಧಾರ್‌ನಿಂದ ಹೊಂದಬೇಕು, ಆಮೇಲೆ ಲಾಟರಿ. ಲಾಟರಿಯಿಂದ ಶಾಲೆ ತನಗೆ ಬೇಕಾದ ‘ಒಳ್ಳೆಯ ಬಡವರನ್ನು’ ಆರಿಸಿಕೊಳ್ಳಲಾಗುವುದಿಲ್ಲ. ಅದು ಈ ವ್ಯವಸ್ಥೆಯ ದೊಡ್ಡ ಬಲ. ದೌರ್ಬಲ್ಯ ಅರ್ಜಿಯಲ್ಲೇ ಇದೆ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ಕಟ್ಟಡ ಕಾರ್ಮಿಕರ ಆಧಾರ್‌ನಲ್ಲಿ ಊರಿನ ವಿಳಾಸವೇ ಇರುತ್ತದೆ. ಅವರ ಮಗು ದಿನವೂ ಶಾಲೆಯ ಗೇಟಿನ ಮುಂದೆ ಆಡಿಕೊಂಡಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ನೆರೆಹೊರೆಯ ಮಗುವಲ್ಲ.

ವಾರ್ಡನ್ನೇ ಗಡಿ ಮಾಡಿದ್ದರಿಂದ ಇನ್ನೊಂದು ಪರಿಣಾಮವಾಯಿತು. ಶ್ರೀಮಂತರ ವಾರ್ಡಿನ ಶಾಲೆಗೆ ಅಲ್ಲೇ ವಾಸವಿರುವ ಬಡವರು ಸಿಗುವುದೇ ಕಡಿಮೆ, ಕೊಳೆಗೇರಿ ಹೆಚ್ಚಿರುವ ವಾರ್ಡಿನಲ್ಲಿ ಇರುವ ಖಾಸಗಿ ಶಾಲೆಗೆ ಬರುವವರೆಲ್ಲ ಮೊದಲೇ ಸಣ್ಣ ಆದಾಯದವರು. ಎರಡೂ ಕಡೆ ನಿಯಮ ಪಾಲನೆಯಾಗುತ್ತದೆ, ಬೆರೆಯುವುದು ಮಾತ್ರ ನಡೆಯುವುದಿಲ್ಲ. ನಗರ ಮೊದಲೇ ಜಾತಿ-ವರ್ಗದ ಲೆಕ್ಕದಲ್ಲಿ ಹಂಚಿಹೋಗಿದ್ದರೆ ನೆರೆಹೊರೆ ಎಂಬ ಪದ ಆ ಹಂಚಿಕೆಯನ್ನೇ ಶಾಲೆಯೊಳಗೆ ತರುತ್ತದೆ.

2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದಾಯಿತು. ಅದೇ ವರ್ಷ ಹೈಕೋರ್ಟ್ ಇದನ್ನು ಒಪ್ಪಿತು. ಸರ್ಕಾರಿ ಶಾಲೆಯಿಲ್ಲದ ಊರು ಕರ್ನಾಟಕದಲ್ಲಿ ಎಷ್ಟಿವೆ? ಅಷ್ಟೇ ಸೀಟು ಉಳಿದವು. ಲಕ್ಷ ದಾಟಿದ್ದ ಸೀಟುಗಳ ಸಂಖ್ಯೆ ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಗೆ ಬಂತು. ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ ಇಂಥದ್ದೇ ತಿದ್ದುಪಡಿ ಮಾಡಿದಾಗ ಬಾಂಬೆ ಹೈಕೋರ್ಟ್ ಅದನ್ನು ಜುಲೈನಲ್ಲಿ ರದ್ದುಮಾಡಿತು. ಒಂದೇ ಕೇಂದ್ರ ಕಾಯ್ದೆ, ಎರಡು ರಾಜ್ಯದಲ್ಲಿ ಎರಡು ಅರ್ಥ.

ಕರ್ನಾಟಕದ ವಾದವನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಸರ್ಕಾರ ಖಾಸಗಿ ಶಾಲೆಗೆ ಮಗುವಿಗಿಷ್ಟು ಎಂದು ಹಣ ಕಟ್ಟುತ್ತಾ ಹೋದಂತೆ ಪಕ್ಕದ ಸರ್ಕಾರಿ ಶಾಲೆಯ ದಾಖಲಾತಿ ಇಳಿಯುತ್ತಿತ್ತು. ದಾಖಲಾತಿ ಇಳಿದರೆ ಶಿಕ್ಷಕರು ‘ಹೆಚ್ಚುವರಿ’ಯಾಗುತ್ತಾರೆ, ವರ್ಗಾವಣೆಯಾಗುತ್ತಾರೆ, ಉಳಿದ ಮಕ್ಕಳು ಇನ್ನೂ ಕಷ್ಟಕ್ಕೆ ಬೀಳುತ್ತಾರೆ. ಇದೆಲ್ಲ ನಿಜ. ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. 12(1)(ಸಿ) ಬಡ ಮಗುವಿಗೆ ಸೀಟು ಕೊಡಿಸುವ ಯೋಜನೆ ಎಂದಷ್ಟೇ ನೋಡಿದರೆ ಸರ್ಕಾರಿ ಶಾಲೆಯಿದ್ದ ಮೇಲೆ ಅದು ದಂಡದ ಖರ್ಚು. ಉಳ್ಳವರ ಮಗುವಿಗೆ ಇಲ್ಲದವರ ಮಗು ಸಹಪಾಠಿಯಾಗಿ ಸಿಗುವ ಯೋಜನೆ ಎಂದು ನೋಡಿದರೆ, ಪಕ್ಕದಲ್ಲಿ ಎಷ್ಟೇ ಒಳ್ಳೆಯ ಸರ್ಕಾರಿ ಶಾಲೆಯಿದ್ದರೂ ಅದು ಆ ಕೆಲಸ ಮಾಡಲಾರದು, ಏಕೆಂದರೆ ಉಳ್ಳವರ ಮಗು ಅಲ್ಲಿಗೆ ಬರುವುದೇ ಇಲ್ಲ. ದೆಹಲಿಯ ಅಧ್ಯಯನ ಅಳೆದದ್ದು ಈ ಎರಡನೆಯದನ್ನು.

ತರಗತಿಯೊಳಗೆ ಎಡವುವುದು ಎಲ್ಲಿ

ಸೀಟು ಸಿಕ್ಕ ಮೇಲೂ ‘ಆರ್‌ಟಿಇ ಮಗು’ ಎಂಬ ಹೆಸರು ಅಂಟುತ್ತದೆ. ಕಾಯ್ದೆ ತಾರತಮ್ಯ ಮಾಡಬಾರದೆಂದು ಹೇಳುತ್ತದೆ, ಆದರೆ ತಾರತಮ್ಯ ಬಹುಪಾಲು ಬೈಗುಳದಲ್ಲಿ ಇರುವುದಿಲ್ಲ, ಕಚೇರಿಯ ದಿನಚರಿಯಲ್ಲಿ ಇರುತ್ತದೆ. ಶುಲ್ಕ ಬಾಕಿಯವರ ಪಟ್ಟಿ ಓದುವಾಗ ಯಾರ ಹೆಸರು ಬರುವುದಿಲ್ಲ ಎಂದು ಇಡೀ ತರಗತಿಗೆ ಗೊತ್ತಾಗುತ್ತದೆ. ಪ್ರವಾಸ, ವಾರ್ಷಿಕೋತ್ಸವದ ಉಡುಪು, ಕಂಪ್ಯೂಟರ್ ತರಬೇತಿ ಎಂದು ಬೇರೆ ಬೇರೆ ತಲೆಬರಹದಲ್ಲಿ ಹಣ ಕೇಳಿದಾಗ ಕೊಡಲಾಗದವರು ಮತ್ತೆ ಬೇರೆಯಾಗುತ್ತಾರೆ. ಹೆಚ್ಚು ಹಾನಿ ಮಾಡುವುದು ಸೆಕ್ಷನ್ ಹಂಚಿಕೆ. ಇಂಗ್ಲಿಷ್ ಬಲ್ಲವರಿಗೆ ಎ ಸೆಕ್ಷನ್, ಉಳಿದವರಿಗೆ ಸಿ ಸೆಕ್ಷನ್ ಎಂದು ‘ಸಾಮರ್ಥ್ಯ’ದ ಮೇಲೆ ಹಂಚಿದರೆ ಜಾತಿಯ ಹೆಸರೆತ್ತದೆಯೇ ಜಾತಿವಾರು ತರಗತಿ ತಯಾರಾಗುತ್ತದೆ. ಶಾಲೆಯ ಒಟ್ಟು ಅಂಕಿಯಲ್ಲಿ ಶೇ 25 ಸರಿಯಾಗಿರುತ್ತದೆ, ಎ ಸೆಕ್ಷನ್ನಿನ ಮಗುವಿನ ಪಕ್ಕದಲ್ಲಿ ಮಾತ್ರ ಯಾರೂ ಬದಲಾಗಿರುವುದಿಲ್ಲ.

ಇದನ್ನು ತಡೆಯುವ ದಾರಿ ದುಬಾರಿಯದ್ದಲ್ಲ. ಸೆಕ್ಷನ್‌ಗಳನ್ನು ಹೆಸರಿನ ಕ್ರಮದಲ್ಲೋ ಲಾಟರಿಯಲ್ಲೋ ಹಂಚುವುದು. ಎರಡು ವಾರಕ್ಕೊಮ್ಮೆ ಜಾಗ ಬದಲಿಸುವುದು, ಮಕ್ಕಳಿಗೇ ಬಿಟ್ಟರೆ ತಮ್ಮಂಥವರ ಪಕ್ಕವೇ ಕೂರುತ್ತಾರೆ. ಗುಂಪಿನ ಕೆಲಸದಲ್ಲಿ ಒಬ್ಬೊಬ್ಬರಿಗೂ ಪಾಠದ ಒಂದೊಂದು ತುಂಡು ಕೊಟ್ಟು, ಎಲ್ಲರೂ ತಮ್ಮ ತುಂಡನ್ನು ಉಳಿದವರಿಗೆ ಕಲಿಸಿದರೆ ಮಾತ್ರ ಕೆಲಸ ಮುಗಿಯುವಂತೆ ಮಾಡುವುದು. ಈ ಕೊನೆಯ ವಿಧಾನವನ್ನು ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ, ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಕಾನೂನು ಒಂದೇ ಶಾಲೆಗೆ ತಂದು ಜಗಳ ಹೆಚ್ಚಿದ್ದಾಗ, ರೂಪಿಸಿದ್ದರು. ಅಲ್ಲಿ ಯಾವ ಮಗುವನ್ನೂ ಬಿಟ್ಟು ಮುಂದೆ ಹೋಗಲಾಗುವುದಿಲ್ಲ, ಏಕೆಂದರೆ ಅದರ ಕೈಯಲ್ಲಿ ಇರುವ ತುಂಡು ಬೇರೆ ಯಾರ ಬಳಿಯೂ ಇರುವುದಿಲ್ಲ.

ಊಟದ ಪಂಕ್ತಿ

ಸರ್ಕಾರಿ ಶಾಲೆಯಲ್ಲಿ ಇದೇ ಕೆಲಸ ಮಾಡಬೇಕಾದ್ದು ಬಿಸಿಯೂಟ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ಕರ್ನಾಟಕದ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದೆಡೆ ಹಬ್ಬಿತು. ಹಸಿವು, ಹಾಜರಾತಿ, ಪೌಷ್ಟಿಕತೆಯ ಮಾತು ಎಲ್ಲರಿಗೂ ಗೊತ್ತು: 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ, 6ರಿಂದ 8ರವರಿಗೆ ಇದರ ಒಂದೂವರೆ ಪಟ್ಟು. ಅಷ್ಟೇ ಮುಖ್ಯವಾದದ್ದು ಯಾರು ಬೇಯಿಸುತ್ತಾರೆ ಎಂಬುದು. 2004ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಿ ಎಂದಿತು.

ಪಂಕ್ತಿಭೇದ ಎಂಬ ಪದ ಇರುವ ಭಾಷೆ ನಮ್ಮದು. ಯಾರ ಜೊತೆ ಕೂತು ಉಣ್ಣುತ್ತೇವೆ, ಯಾರು ಬಡಿಸಿದ್ದನ್ನು ಉಣ್ಣುತ್ತೇವೆ ಎಂಬುದರಲ್ಲೇ ಜಾತಿ ಶತಮಾನಗಳ ಕಾಲ ಬದುಕಿದೆ. ಆ ಜಾಗಕ್ಕೇ ಸರ್ಕಾರ ಸೌಟು ಹಿಡಿದು ಹೋಯಿತು. ಅದಕ್ಕೇ ಅಲ್ಲಿ ಪ್ರತಿರೋಧವೂ ಹೆಚ್ಚು. ದಲಿತ ಮಹಿಳೆ ಅಡುಗೆಗೆ ಬಂದಳೆಂದು ಮಕ್ಕಳಿಗೆ ಮನೆಯಿಂದ ಡಬ್ಬಿ ಕಟ್ಟಿ ಕಳಿಸುವುದು, ಟಿಸಿ ಕೇಳುವುದು ಇಂದಿಗೂ ವರದಿಯಾಗುತ್ತಿದೆ.

ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಸ್ಪಷ್ಟ. ‘ಶಾಂತಿ’ಗಾಗಿ ಅಡುಗೆಯವರನ್ನು ಬದಲಿಸಿದರೆ ಇಡೀ ಊರಿನ ಮಕ್ಕಳು ಆ ವಾರ ಒಂದು ಪಾಠ ಕಲಿಯುತ್ತಾರೆ: ಗಟ್ಟಿಯಾಗಿ ಬೇಡವೆಂದರೆ ಕಾನೂನು ಬಾಗುತ್ತದೆ. ಅದನ್ನು ಯಾವ ಪೌರನೀತಿ ಪುಸ್ತಕದಿಂದಲೂ ಅಳಿಸಲಾಗದು. ಅಡುಗೆಯವರನ್ನು ಉಳಿಸಿಕೊಂಡು, ಮುಖ್ಯ ಶಿಕ್ಷಕರು, ಶಾಲಾ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮಕ್ಕಳ ಸಾಲಿನಲ್ಲೇ ಕೂತು ಉಂಡರೆ ಆಲ್‌ಪೋರ್ಟ್ ಹೇಳಿದ ನಾಲ್ಕನೆಯ ಷರತ್ತು ನೆರವೇರಿದಂತೆ. ಒಂದು ದಿನ ಫೋಟೊಗಾಗಿ ಉಂಡರೆ ಸಾಲದು, ಡಬ್ಬಿ ತರುವುದು ನಿಲ್ಲುವವರೆಗೆ ಉಣ್ಣಬೇಕು.

ಸಣ್ಣ ಸಂಗತಿಗಳೂ ಇಲ್ಲಿ ದೊಡ್ಡವು. ತಟ್ಟೆ ಮನೆಯಿಂದ ತರುವ ಶಾಲೆಯಲ್ಲಿ ಯಾರದು ಸ್ಟೀಲು, ಯಾರದು ಹಳೆಯ ಅಲ್ಯೂಮಿನಿಯಮ್ ಎಂಬುದು ಕಾಣುತ್ತದೆ, ತೊಳೆದು ಬೇರೆ ಬೇರೆ ಇಡುವುದು ಶುರುವಾಗುತ್ತದೆ. ಶಾಲೆಯದ್ದೇ ಒಂದೇ ಬಗೆಯ ತಟ್ಟೆಗಳಿದ್ದು, ತೊಳೆದು ಒಂದೇ ರಾಶಿಗೆ ಹಾಕಿದರೆ ಇಂದು ನಾನು ಉಂಡ ತಟ್ಟೆಯಲ್ಲಿ ನಿನ್ನೆ ಯಾರು ಉಂಡಿದ್ದರು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಮೊಟ್ಟೆ ತಿನ್ನುವವರು ಇತ್ತ, ಬಾಳೆಹಣ್ಣು ಚಿಕ್ಕಿಯವರು ಅತ್ತ ಎಂದು ಎರಡು ಸಾಲು ಮಾಡಿಸಿದರೆ ಆ ಸಾಲು ಜಾತಿಯ ಸಾಲಾಗಲು ಒಂದು ವಾರ ಸಾಕು. ಅವರವರ ಜಾಗದಲ್ಲೇ ಕೂತಿರಲಿ, ಎರಡೂ ಬುಟ್ಟಿ ಸಾಲಿನುದ್ದಕ್ಕೂ ಹೋಗಲಿ. ಇನ್ನು ಬೇಯಿಸುವವರ ಸ್ಥಾನಮಾನ. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ 2009ರಿಂದ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ಅದರ ಮೇಲೆ ಕರ್ನಾಟಕ ತನ್ನ ಪಾಲು ಸೇರಿಸಿದೆ. ಮಕ್ಕಳ ಕಣ್ಣಿಗೆ ಇವರು ಶಾಲೆಯ ಸಿಬ್ಬಂದಿಯಂತೆ ಕಾಣಬೇಕಾದರೆ ಶಾಲೆ ಮೊದಲು ಇವರನ್ನು ಹಾಗೆ ನಡೆಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿ ಸರ್ಕಾರವೇ ಇನ್ನೊಂದು ಕೈಯಿಂದ ಮಕ್ಕಳನ್ನು ಬೇರೆ ಮಾಡುವುದೂ ಇದೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಹೀಗೆ ಒಂದೊಂದು ಇಲಾಖೆಗೂ ಒಂದೊಂದು ಹಾಸ್ಟೆಲ್. ಹಾಸ್ಟೆಲ್‌ಗಳಿಲ್ಲದಿದ್ದರೆ ಲಕ್ಷಾಂತರ ಮಕ್ಕಳು ಓದುತ್ತಲೇ ಇರಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಗಲು ಒಂದೇ ಕಾಲೇಜಿನಲ್ಲಿ ಕೂತವರು ಸಂಜೆ ನಾಲ್ಕು ಕಟ್ಟಡಗಳ ನಾಲ್ಕು ಮೆಸ್ಸುಗಳಿಗೆ ಹಂಚಿಹೋಗುತ್ತಾರೆ. ಹಣ ಬರುವ ಇಲಾಖೆ ಬೇರೆಯಿದ್ದರೂ ಊಟದ ಕೋಣೆ ಒಂದೇ ಇರಬಾರದೇಕೆ ಎಂಬುದಕ್ಕೆ ಆಡಳಿತದ ಅನುಕೂಲ ಬಿಟ್ಟು ಬೇರೆ ಕಾರಣ ಕಾಣುವುದಿಲ್ಲ.

ಒಪ್ಪಿಗೆ ಬೇರೆ, ನಡತೆ ಬೇರೆ

ಶಾಲೆಯ ಆಚೆ ಇದೇ ತರ್ಕವನ್ನು ದೊಡ್ಡವರ ಮೇಲೆ ಪ್ರಯೋಗಿಸಿದ್ದು ಪಂಚಾಯಿತಿ ಮೀಸಲಾತಿ. ಕರ್ನಾಟಕ ಇದರಲ್ಲಿ ಮುಂದಿತ್ತು: ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ ಬಂದ ಕಾನೂನಿನಡಿ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25ರಷ್ಟು ಸ್ಥಾನವಿತ್ತು, 1993ರ ಸಂವಿಧಾನ ತಿದ್ದುಪಡಿಗೂ ಮೊದಲು. 2010ರಿಂದ ಶೇ 50. ಇದರ ಪರಿಣಾಮವನ್ನು ಚೆನ್ನಾಗಿ ಅಳೆದದ್ದು ಪಶ್ಚಿಮ ಬಂಗಾಳದಲ್ಲಿ. ಸಂಶೋಧಕರು ಗ್ರಾಮಸ್ಥರಿಗೆ ಪ್ರಧಾನರ, ಅಂದರೆ ಗ್ರಾಮ ಪಂಚಾಯಿತಿ ಮುಖ್ಯಸ್ಥರ, ಒಂದೇ ಭಾಷಣವನ್ನು ಗಂಡು ದನಿಯಲ್ಲಿ ಕೆಲವರಿಗೆ, ಹೆಣ್ಣು ದನಿಯಲ್ಲಿ ಕೆಲವರಿಗೆ ಕೇಳಿಸಿದರು. ಎಂದೂ ಮಹಿಳಾ ಪ್ರಧಾನರನ್ನು ಕಾಣದ ಊರಿನ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಒಬ್ಬಳನ್ನು ಕಂಡಿದ್ದ ಊರಿನಲ್ಲಿ ಆ ಅಂತರ ಹೋಗಿತ್ತು. ‘ನಾಯಕ ಗಂಡಸಾದರೆ ಒಳ್ಳೆಯದು’ ಎಂಬ ಒಳಗಿನ ಒಲವು ಮಾತ್ರ ಹಾಗೇ ಇತ್ತು. ಎರಡು ಅವಧಿ ಮೀಸಲಾಗಿದ್ದ ಊರುಗಳಲ್ಲಿ ಹೆಣ್ಣುಮಕ್ಕಳ ಕನಸು ಗಂಡುಮಕ್ಕಳದಕ್ಕೆ ಹತ್ತಿರವಾಯಿತು, ಓದಿನ ಅಂತರ ಅಳಿಸಿಹೋಯಿತು. ರಾಜಸ್ಥಾನದಲ್ಲಿ ದಲಿತ ಸರಪಂಚರಿದ್ದ ಊರುಗಳನ್ನು ನೋಡಿದ ಸೈಮನ್ ಶೋಶಾರ್ ಅವರಿಗೂ ಇಂಥದ್ದೇ ಕಂಡಿತು: ಮೇಲ್ಜಾತಿಯವರ ಪೂರ್ವಗ್ರಹ ಅಷ್ಟಾಗಿ ಕರಗಿರಲಿಲ್ಲ, ಆದರೆ ಬಹಿರಂಗವಾಗಿ ಅವಮಾನಿಸುವುದು ಇನ್ನು ನಡೆಯುವುದಿಲ್ಲ ಎಂಬ ಅರಿವು ಬಂದಿತ್ತು.

ಇದನ್ನು ಸೋಲೆಂದು ಓದುವವರಿದ್ದಾರೆ. ದಿನವೂ ಅವಮಾನ ಉಣ್ಣುವವರ ಕಡೆಯಿಂದ ನೋಡಿದರೆ ಇದು ದೊಡ್ಡ ಗೆಲುವು. ಎದುರಿಗಿನವನ ಎದೆಯಲ್ಲಿ ಏನಿದೆ ಎಂಬುದಕ್ಕಿಂತ ಅವನು ಬಾಯಿಬಿಟ್ಟು ಏನನ್ನುತ್ತಾನೆ, ಕೈಯಿಂದ ಏನು ಮಾಡುತ್ತಾನೆ ಎಂಬುದು ಮೊದಲು ಬದಲಾಗಬೇಕು. ಕರ್ನಾಟಕದ ಒಂದು ತೊಡಕೆಂದರೆ ಅವಧಿ. ಬಂಗಾಳದ ಪ್ರಧಾನರಿಗೆ ಐದು ವರ್ಷ ಸಿಕ್ಕಿದರೆ ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಸಿಗುವುದು 30 ತಿಂಗಳು. ಮೊದಲ ವರ್ಷ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜೊತೆ ಕಡತ ಅರ್ಥಮಾಡಿಕೊಳ್ಳುವುದರಲ್ಲಿ ಕಳೆದರೆ, ಊರಿಗೆ ‘ಈಕೆ ಕೆಲಸ ಮಾಡಬಲ್ಲಳು’ ಎಂದು ತೋರಿಸಲು ಉಳಿಯುವ ಕಾಲ ಬಹಳ ಕಡಿಮೆ.

ಅವಧಿಯ ಈ ತೊಡಕು ಶಾಲೆಯಲ್ಲೂ ಇದೆ. ಕರ್ನಾಟಕದಲ್ಲಿ 2012–13ರಲ್ಲಿ ಈ ಕೋಟಾದಡಿ 1ನೇ ತರಗತಿಗೆ ಸೇರಿದ ಮಕ್ಕಳು 2019–20ರಲ್ಲಿ 8ನೇ ತರಗತಿಯಲ್ಲಿದ್ದರು. ಕಾಯ್ದೆಯ ರಕ್ಷಣೆ ಅಲ್ಲಿಗೆ ಮುಗಿಯಿತು. ಮರುವರ್ಷ, ಕೋವಿಡ್‌ನಿಂದ ಕೂಲಿಯೂ ನಿಂತಿದ್ದ ಕಾಲದಲ್ಲಿ, 9ನೇ ತರಗತಿಯ ಪೂರ್ತಿ ಶುಲ್ಕ ಕಟ್ಟಬೇಕಾಗಿ ಬಂತು. ಕಟ್ಟಲಾಗದವರಿಗೆ ಉಳಿದದ್ದು ಟಿಸಿ. ಎಂಟು ವರ್ಷ ಒಂದೇ ಗುಂಪಿನಲ್ಲಿ ಓದಿದವರು ಹದಿನಾಲ್ಕರ ವಯಸ್ಸಿನಲ್ಲಿ, ಊರು, ಜಾತಿ, ಪಕ್ಷ, ಮತ ಎಂದು ಮಾತಾಡಲು ಶುರುಮಾಡುವ ಹೊತ್ತಿಗೆ ಸರಿಯಾಗಿ, ಬೇರೆಯಾಗುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 18ರವರೆಗಿನ ಶಿಕ್ಷಣದ ಮಾತಾಡಿದೆ. ಕಾಯ್ದೆ ಇನ್ನೂ 6ರಿಂದ 14ರಲ್ಲೇ ನಿಂತಿದೆ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಮತ್ತೆ ಅಕ್ಷರಾನುಕ್ರಮದಲ್ಲೇ ಬರುತ್ತವೆ, ನಡುವಿನ ಒಂದೆರಡು ಕ್ರಮಸಂಖ್ಯೆಗಳಿಗೆ ಬೇರೆ ಹೆಸರು ಬಂದಿರುತ್ತದೆ.